ರಾಗಿ ಬೀರಿನ ಬೆನ್ನು ಹತ್ತಿ...

ನಮ್ಮ ಕಡೆ ಮನೆಗಳಲ್ಲಿ "ಬೀರು" ಅಂದರೆ ಬಟ್ಟೆ, ಒಡವೆ, ಜಮೀನಿನ ಪತ್ರ ಇಡುವ ಕಬ್ಬಿಣದ ಕಪಾಟು. ಹಾಗಾಗಿ "ಬೆಂಗಳೂರಲ್ಲಿ ಒಳ್ಳೊಳ್ಳೆ ಬೀರು ಸಿಗ್ತಾವೆ" ಅಂತ ನಾನು ಊರಲ್ಲಿ ಯಾರ ಮುಂದೆ ಬೇಕಾದರೂ ಧೈರ್ಯವಾಗಿ ಹೇಳಬಹುದು. ಕೇಳಿದವರು ಎರಡು ಬಾಗಿಲಿನದ್ದೋ ಒಂದು ಬಾಗಿಲಿನದ್ದೋ ಅಂತ ವಿಚಾರಿಸುತ್ತಾರೆ ಅಷ್ಟೆ :-)

ಇವತ್ತಿನ ವಿಷಯ ಆ ಇನ್ನೊಂದು ಬೀರು. ವಾರವಿಡೀ ಕೋಡ್ ಬರೆದು, ಶನಿವಾರ ಬಂತೆಂದರೆ ಹೊಸದೊಂದು ಬೀರಿನ ರುಚಿ ಹುಡುಕಿಕೊಂಡು ಹೋಗುವ ಚಟ ನನಗೆ ಒಂದೆರಡು ವರ್ಷಗಳಿಂದ ಹತ್ತಿಕೊಂಡಿದೆ. ಕುಡಿಯುವುದಕ್ಕಿಂತ ಹೆಚ್ಚಾಗಿ ಅದನ್ನು ಹೇಗೆ ಮಾಡಿದರು, ಎಲ್ಲಿಂದ ಬಂತು, ಯಾಕೆ ಹೀಗಿದೆ ಅಂತ ಕೆದಕುವ ಚಟ. (ಕುಡಿತದ ಪರವಾಗಿ ವಕಾಲತ್ತು ಮಾಡ್ತಿದ್ದಾನೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಮುಂದೆ ಓದಿ.)

ಈಗ ಬೆಂಗಳೂರಿನ ಕೆಲವು ಮೈಕ್ರೋಬ್ರೂವರಿಗಳಲ್ಲಿ ರಾಗಿ ಹಾಕಿದ ಬೀರು ಸಿಗುತ್ತದೆ. "ನಮ್ಮ ನೆಲದ ಧಾನ್ಯ" ಅಂತ ಮೆನುವಿನಲ್ಲಿ ಬರೆದಿರುತ್ತಾರೆ. ಅದನ್ನು ಮೊದಲ ಸಲ ಕುಡಿದಾಗ ನನ್ನ ತಲೆಗೆ ಬಂದದ್ದು ರುಚಿಯಲ್ಲ, ಒಂದು ಪ್ರಶ್ನೆ. ನಾನು ರಾಗಿ ತಿಂದೇ ಬೆಳೆದವನು. ಅಜ್ಜಿ ಮನೆ ಜಗಳೂರಿನ ಕಡೆ, ಮಾವನ ಅಡಿಕೆ ತೋಟ ಚನ್ನಗಿರಿ ಹತ್ತಿರ, ಹೊನ್ನಾಳಿ ನ್ಯಾಮತಿಯಲ್ಲಿ ನೆಂಟರು. ಈ ನಾಲ್ಕೂ ಕಡೆ ರಾಗಿ ಮುದ್ದೆ ಕಂಡಿದ್ದೇನೆ, ಅಂಬಲಿ, ರೊಟ್ಟಿ, ಮಾಲ್ಟು ಕಂಡಿದ್ದೇನೆ. ರಾಗಿಯಿಂದ ಮಾಡಿದ ಮದ್ಯ ಮಾತ್ರ ಎಲ್ಲೂ ಕಂಡಿಲ್ಲ, ಅದರ ಹೆಸರೂ ಕೇಳಿಲ್ಲ. ಅಷ್ಟೊಂದು "ನಮ್ಮದು" ಆಗಿದ್ದರೆ ನಮ್ಮ ಊರುಗಳಲ್ಲಿ ಯಾಕಿಲ್ಲ?

ಈ ಪ್ರಶ್ನೆ ಯಾಕೆ ವಿಚಿತ್ರ ಅಂದರೆ, ಬೀರು ಮಾಡುವ ಅರ್ಧ ವಿದ್ಯೆ ನಮ್ಮ ಅಡುಗೆಮನೆಯಲ್ಲೇ ಇದೆ. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಎರಡು ದಿನ ಬಿಟ್ಟು, ಮೊಳಕೆ ಬಂದ ಮೇಲೆ ಒಣಗಿಸಿ, ಸ್ವಲ್ಪ ಹುರಿದು ಬೀಸುತ್ತಾರಲ್ಲ, ಅದೇ ಮಾಲ್ಟಿಂಗ್. ಬ್ರೂವರಿಯವರು ಬಾರ್ಲಿಗೆ ಮಾಡುವುದೂ ಇದನ್ನೇ. ಮೊಳಕೆ ಒಡೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಸಕ್ಕರೆ ಮಾಡಲು ತಯಾರಾಗುತ್ತದೆ. ಹಿಟ್ಟನ್ನು ಸುಮಾರು 65 ಡಿಗ್ರಿ ಬಿಸಿ ನೀರಿನಲ್ಲಿ ಒಂದು ಗಂಟೆ ಇಟ್ಟರೆ ನೀರು ಸಿಹಿಯಾಗುತ್ತದೆ. ಅದನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಟ್ಟರೆ ಬೀರು. ನಮ್ಮವರು ಹಿಟ್ಟಿನ ಹಂತಕ್ಕೇ ನಿಲ್ಲಿಸಿ ಅದನ್ನು ಕೂಸಿಗೆ ಗಂಜಿ ಮಾಡಿ ಕುಡಿಸಿದರು. ಅದರಲ್ಲೂ ಲೆಕ್ಕಾಚಾರ ಇದೆ ನೋಡಿ. ಮೊಳಕೆ ಹಿಟ್ಟಿನ ಗಂಜಿ ಗಟ್ಟಿಯಾಗುವುದಿಲ್ಲ, ತೆಳ್ಳಗೇ ಇರುತ್ತದೆ, ಹಾಗಾಗಿ ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟು ಇಳಿಯುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಉಷ್ಣವಲಯದ ಧಾನ್ಯಗಳಲ್ಲಿ ಮಾಲ್ಟ್ ಮಾಡಲು ರಾಗಿಯಷ್ಟು ಒಳ್ಳೆಯದು ಅಪರೂಪ.

ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಅಲ್ಲಿನವರು ನಿಲ್ಲಿಸಲಿಲ್ಲ, ಮುಂದೆ ಹೋದರು. ಉಗಾಂಡಾದಲ್ಲಿ ಮೊಳಕೆ ರಾಗಿಯಿಂದ ಮಾಡಿದ ಬೀರನ್ನು ದೊಡ್ಡ ಮಡಕೆಯಲ್ಲಿಟ್ಟು, ಬಿಸಿನೀರು ಸುರಿದು, ಸುತ್ತ ಕೂತವರೆಲ್ಲ ಉದ್ದನೆಯ ಕೊಳವೆಗಳಲ್ಲಿ ಹೀರುತ್ತಾರೆ. ಇತ್ತ ಪೂರ್ವ ನೇಪಾಳ, ಸಿಕ್ಕಿಂ, ಡಾರ್ಜಿಲಿಂಗ್ ಕಡೆ ತೊಂಗ್ಬಾ ಅಂತ ಇದೆ. ಅವರು ಮೊಳಕೆ ಬರಿಸುವುದಿಲ್ಲ. ಇಡೀ ರಾಗಿಯನ್ನು ಬೇಯಿಸಿ, ಮರ್ಚಾ ಎಂಬ ಹೆಪ್ಪಿನ ಬಿಲ್ಲೆ ಪುಡಿ ಮಾಡಿ ಬೆರೆಸಿ ಹುಳಿ ಬರಿಸುತ್ತಾರೆ. ಡಾರ್ಜಿಲಿಂಗ್‌ಗೆ ಹೋದಾಗ ನಾನು ಇದನ್ನು ಕುಡಿದೆ. ಮರದ ಚೊಂಬಿನ ತುಂಬ ಕಂದು ಕಾಳು, ಮೇಲೆ ಬಿಸಿನೀರು, ನಡುವೆ ಬಿದಿರ ಕೊಳವೆ. ನೀರು ಮುಗಿದರೆ ಮತ್ತೆ ನೀರು. ಎದುರಿಗೆ ಕೂತವರು ಇದು "ಕೋದೊ" ಅಂತ ಹೆಮ್ಮೆಯಿಂದ ವಿವರಿಸುತ್ತಿದ್ದರೆ, ನಾನು ಎರಡು ಕಾಳು ಅಂಗೈ ಮೇಲೆ ಹಾಕಿಕೊಂಡು ನೋಡಿ ನಗುತ್ತಿದ್ದೆ. ನೇಪಾಳಿಯ ಕೋದೊ ಅಂದರೆ ನಮ್ಮ ರಾಗಿಯೇ! ಜಗಳೂರಿನ ಅಟ್ಟದ ಮೇಲಿನ ಚೀಲದಲ್ಲಿ ಇರುವುದು ಇದೇ.

ಊರಿಗೆ ಬಂದಾಗ ಅದರ ಫೋಟೋ ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿ ಚೆನ್ನಾಗಿ ನೋಡಿದಳು.

"ರಾಗಿ ಬೇಯಿಸಿ ಹುಳಿ ಬರಿಸ್ಯಾರೆ. ಅದ್ರಾಗೇನೈತಪ್ಪ ಹೊಸಾದು?"

"ಅಜ್ಜಿ, ಅದು ಹೆಂಡ. ಅಲ್ಲಿ ಎಲ್ಲಾರೂ ಕುಡೀತಾರೆ."

"ರಾಗೀನ ಹೆಂಡ ಮಾಡ್ಕೊಂಡು ಕುಡಿದ್ರೆ ಮಕ್ಳು ಮರಿಗೆ ಏನು ಹಾಕ್ತಾರೆ?"

ನನ್ನ ಪ್ರಶ್ನೆಗೆ ಸಿಕ್ಕ ಅತ್ಯಂತ ಚಿಕ್ಕ ಉತ್ತರ ಇದು, ಮತ್ತು ಬಹುಶಃ ಸರಿಯಾದದ್ದೂ ಇದೇ. ಜಗಳೂರು ಮಳೆ ನಂಬಿ ಕೂರುವ ಸೀಮೆ. ಉಣ್ಣುವ ಕಾಳನ್ನೇ ಕುಡಿಯಲು ಖರ್ಚು ಮಾಡಬೇಕಾದರೆ ಕಣಜದಲ್ಲಿ ಮಿಗುವಷ್ಟು ಇರಬೇಕು. ಅದೂ ಅಲ್ಲದೆ ಕಾಳಿಗೆ ಕೈ ಹಾಕುವ ಅಗತ್ಯವೇ ನಮ್ಮವರಿಗೆ ಇರಲಿಲ್ಲ. ಹಳ್ಳದ ದಂಡೆಯಲ್ಲಿ ಈಚಲು ಇತ್ತು. ಮಲೆನಾಡಿನ ಕಡೆ ಬಗನಿ ಇತ್ತು. ಈಡಿಗರು ಮರ ಕೆತ್ತಿ ಗಡಿಗೆ ಕಟ್ಟಿದರೆ ಇಳಿದ ರಸ ಗಾಳಿಯಲ್ಲಿರುವ ಯೀಸ್ಟಿನಿಂದಲೇ ಕೆಲವೇ ಗಂಟೆಗಳಲ್ಲಿ ಹೆಂಡವಾಗುತ್ತದೆ. ನೆನೆಹಾಕುವುದು, ಒಣಗಿಸುವುದು, ಕುದಿಸುವುದು ಯಾವ ತಾಪತ್ರಯವೂ ಇಲ್ಲ. ಅಮಲೂ ಹೆಚ್ಚುಕಮ್ಮಿ ಸಾಮಾನ್ಯ ಬೀರಿನಷ್ಟೇ. ಒಂದೇ ತೊಂದರೆ ಎಂದರೆ ಮಾರನೇ ದಿನಕ್ಕೆ ಹುಳಿ ಹೊಡೆದು ಕುಡಿಯಲು ಬಾರದಂತಾಗುತ್ತದೆ. ಹಾಗಾಗಿ ಅದು ಊರಿನ ಸರಕು, ದೂರ ಸಾಗಿಸಿ ವ್ಯಾಪಾರ ಮಾಡುವಂಥದ್ದಲ್ಲ.

ಹಾಗಂತ ಭಾರತದಲ್ಲಿ ಕಾಳಿನ ಮದ್ಯ ಇರಲೇ ಇಲ್ಲ ಅಂತಲ್ಲ. ಮನುಸ್ಮೃತಿ ಹೇಳುವ ಮೂರು ಬಗೆಯ ಸುರೆಯಲ್ಲಿ "ಪೈಷ್ಟಿ" ಎಂಬುದು ಹಿಟ್ಟಿನಿಂದ ಮಾಡಿದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಕಿಯ ಮದ್ಯದ ಪಾಕವೇ ಇದೆ. ಆದರೆ ನಮ್ಮ ಜನರ ಬಾಯಲ್ಲಿ ಉಳಿದದ್ದು ಹೆಂಡ. ಹನ್ನೆರಡನೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಇದ್ದಾನೆ. ಜಿ.ಪಿ.ರಾಜರತ್ನಂ ಅವರ ರತ್ನ ಕುಡಿಯುವುದೂ "ಯೆಂಡ"ವೇ, ಬೀರಲ್ಲ. ಕನ್ನಡ ಸಾಹಿತ್ಯದಲ್ಲಿ ಬೀರಿಗೆ ಇಂಥದ್ದೊಂದು ಜಾಗ ಇವತ್ತಿಗೂ ಇಲ್ಲ ಅನ್ನುವುದು ನನ್ನ ಒಂದು ಸಣ್ಣ ಕೊರಗು.

ಹಾಗಾದರೆ ಬೀರು ಬಂದದ್ದು ಎಲ್ಲಿಂದ? ಕೆಳಗಿನಿಂದ ಅಲ್ಲ, ಮೇಲಿನಿಂದ. 1809ರಲ್ಲಿ ಬೆಂಗಳೂರು ದಂಡು ಸ್ಥಾಪನೆಯಾಯಿತು. ದಂಡಿನ ಬಿಳಿ ಸಿಪಾಯಿಗಳಿಗೆ ಬೀರು ಬೇಕಿತ್ತು. ಮೊದಮೊದಲು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿತ್ತು. ತಿಂಗಳುಗಟ್ಟಲೆ ಪಯಣಕ್ಕೆ ಕೆಡದಿರಲಿ ಅಂತ ಹಾಪ್ಸ್ ಹೆಚ್ಚು ಹಾಕಿ ಕಳಿಸುತ್ತಿದ್ದ ಬೀರುಗಳಿಂದಲೇ ಇಂಡಿಯಾ ಪೇಲ್ ಏಲ್, ಅಂದರೆ ಇವತ್ತು ಜಗತ್ತಿನ ಕ್ರಾಫ್ಟ್ ಬೀರಿನವರೆಲ್ಲ ಜಪಿಸುವ "ಐಪಿಎ", ಬೆಳೆದದ್ದು. ಹೆಸರಲ್ಲಿ ಇಂಡಿಯಾ ಇದೆ, ಕುಡಿದವರು ಹೆಚ್ಚಾಗಿ ಇಂಡಿಯಾದವರಲ್ಲ! ಆಮೇಲೆ ಇಲ್ಲೇ ಬ್ರೂವರಿಗಳು ಹುಟ್ಟಿದವು. 1857ರಲ್ಲಿ ಶುರುವಾದ ಕ್ಯಾಸಲ್ ಬ್ರೂವರಿ, 1885ರ ಬೆಂಗಳೂರು ಬ್ರೂಯಿಂಗ್ ಕಂಪನಿ ಹೀಗೆ ದಕ್ಷಿಣದಲ್ಲಿ ಚದುರಿದ್ದ ಐದು ಬ್ರೂವರಿಗಳನ್ನು ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ಒಟ್ಟು ಸೇರಿಸಿದ. ಅದೇ ಯುನೈಟೆಡ್ ಬ್ರೂವರೀಸ್. ಮೊದಲ ಮಹಾಯುದ್ಧದ ಕಾಲ, ಸೈನಿಕರೇ ಗಿರಾಕಿಗಳು. ಹಾಗ್ಸ್‌ಹೆಡ್ ಎಂಬ ದೊಡ್ಡ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಯಲ್ಲಿ ಸಾಗಿಸುತ್ತಿದ್ದರಂತೆ. ಎತ್ತಿನ ಗಾಡಿ ನಮ್ಮದು, ಎತ್ತೂ ನಮ್ಮದು, ಗಾಡಿ ಹೊಡೆಯುವವನೂ ನಮ್ಮವನು. ಬೀರು ಮಾತ್ರ ಬೇರೆಯವರದು.

1947ರಲ್ಲಿ ವಿಠಲ್ ಮಲ್ಯ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು, ಮರು ವರ್ಷ ಅಧ್ಯಕ್ಷರಾದರು. 1978ರಲ್ಲಿ ಕಿಂಗ್‌ಫಿಷರ್ ಮಾರುಕಟ್ಟೆಗೆ ಬಂತು. ಮುಂದಿನ ಕಥೆ ಟಿವಿಯಲ್ಲಿ ನೀವೆಲ್ಲ ನೋಡಿದ್ದೀರಿ, ಅದನ್ನು ಇಲ್ಲಿ ಎಳೆಯುವುದಿಲ್ಲ. 2021ರಲ್ಲಿ ಕಂಪನಿಯ ಹಿಡಿತ ಡಚ್ಚರ ಹೈನಿಕೆನ್ ಕೈಗೆ ಹೋಯಿತು ಅಂತ ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ನಮ್ಮ ಸೀಮೆಯ ಇನ್ನೊಂದು ಕಥೆ. ಬ್ರಿಟಿಷರ ಕಾಲದಲ್ಲಿ ಹೆಂಡ ಬರೀ ಹೆಂಡವಾಗಿರಲಿಲ್ಲ, ಅಬಕಾರಿ ಆದಾಯವಾಗಿತ್ತು. ಮರಕ್ಕೆ ತೆರಿಗೆ, ಅಂಗಡಿ ಗುತ್ತಿಗೆಗೆ ಹರಾಜು. ಹಾಗಾಗಿ ಸ್ವಾತಂತ್ರ್ಯ ಹೋರಾಟಗಾರರು ಸರ್ಕಾರದ ಬೊಕ್ಕಸಕ್ಕೆ ಪೆಟ್ಟು ಕೊಡಬೇಕು ಅಂದಾಗ ಅವರ ಕಣ್ಣಿಗೆ ಬಿದ್ದದ್ದು ಈಚಲು ಮರ. 1939ರಲ್ಲಿ ಚಿತ್ರದುರ್ಗದ ಹತ್ತಿರ ತುರುವನೂರಿನಲ್ಲಿ ಜನ ಸೇರಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು. ಮುಂಚೂಣಿಯಲ್ಲಿದ್ದ ಎಸ್.ನಿಜಲಿಂಗಪ್ಪ ಜೈಲಿಗೆ ಹೋದರು. ಆಗ ಜಗಳೂರು ಕೂಡ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ರಾಜ್ಯದಲ್ಲಿ ಹಂತ ಹಂತವಾಗಿ ಪಾನನಿಷೇಧವೂ ಬಂತು. ತಮಾಷೆ ನೋಡಿ, ಇವತ್ತಿಗೂ ನಮ್ಮ ರಾಜ್ಯದ ಮದ್ಯ ವ್ಯಾಪಾರಕ್ಕೆ ಆಧಾರವಾಗಿರುವ ಅಬಕಾರಿ ಕಾಯಿದೆ 1965ರದ್ದು. ಆಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರು! ಇದನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಮರ ಕಡಿದ ಕೈಗೂ ರಾಜ್ಯ ನಡೆಸುವ ಹೊತ್ತಿಗೆ ಬೊಕ್ಕಸದ ಚಿಂತೆ ಬಂದೇ ಬರುತ್ತದೆ. ಆ ಚಿಂತೆ ಇವತ್ತಿಗೂ ಹೋಗಿಲ್ಲ. 2003ರಲ್ಲಿ ಸರ್ಕಾರವೇ ರಾಜ್ಯ ಪಾನೀಯ ನಿಗಮ ಮಾಡಿ ಸಗಟು ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡಿತು.

ನಾನೂ ದಾವಣಗೆರೆ ಜಿಲ್ಲೆಯೂ ಒಂದೇ ವಯಸ್ಸಿನವರು. 1997ರ ಆಗಸ್ಟ್ 15ರಂದು ಜಿಲ್ಲೆ ಆಗುವ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಳಗೇ ಇತ್ತು, ತೀರಾ ಈಚೆಗೆ ಬೇರೆ ತಾಲ್ಲೂಕಾಯಿತು. ಜಿಲ್ಲೆ ಮಾಡಿದ ಮುಖ್ಯಮಂತ್ರಿ ಜೆ.ಎಚ್.ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಲೋಕಸಭೆಯಲ್ಲಿ 1967ರಲ್ಲಿ ಕನ್ನಡದಲ್ಲಿ ಮಾತಾಡಿದ ಗಟ್ಟಿಗರು. ಗುಂಡಿನ ವಿಷಯದಲ್ಲೂ ಮುಚ್ಚುಮರೆ ಮಾಡದ ರಾಜಕಾರಣಿ ಅಂತ ಹೆಸರಾದವರು. ಚನ್ನಗಿರಿ ಕಡೆ ಹಿರಿಯರು ಪಟೇಲರ ಸುದ್ದಿ ಎತ್ತಿದರೆ ಇವೆರಡೂ ಒಟ್ಟೊಟ್ಟಿಗೇ ಬರುತ್ತವೆ.

ಆದರೆ ಮುಚ್ಚುಮರೆ ಇಲ್ಲದೆ ಕುಡಿಯುವುದು ಪಟೇಲರಿಗೆ ಸರಿ. ನಾನು ಚಿಕ್ಕವನಿದ್ದಾಗ ಊರಲ್ಲಿ ಕಂಡದ್ದು ಸಾರಾಯಿ ಪ್ಯಾಕೆಟ್ಟು. ಹಲ್ಲಿನಲ್ಲಿ ಮೂಲೆ ಕಚ್ಚಿ, ಬಾಯಿಗೆ ಹಿಂಡಿಕೊಂಡು, ಚರಂಡಿಗೆ ಎಸೆದ ಪ್ಲಾಸ್ಟಿಕ್ಕು. ಶಾಲೆಗೆ ಹೋಗುವ ದಾರಿಯಲ್ಲಿ ಅವು ಎಷ್ಟು ಬಿದ್ದಿರುತ್ತಿದ್ದವು ಅಂದರೆ ಎಣಿಸುವುದೇ ನಮಗೊಂದು ಆಟ. ಅಜ್ಜಿಯ ಬೀದಿಯಲ್ಲಿ ಸಂಜೆ ಆರಾದ ಮೇಲೆ ಯಾವ ಮನೆಯಿಂದ ಗಲಾಟೆ ಕೇಳುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ನನಗಾಗ ಹತ್ತು ವರ್ಷ. ಆ ಬೀದಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಇನ್ನು ಪೀಡೆ ಕಳೆಯಿತು ಅಂತ ಮಾತಾಡಿಕೊಂಡದ್ದು ನೆನಪಿದೆ. ಪೀಡೆ ಪೂರ್ತಿ ಕಳೆಯಲಿಲ್ಲ. ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮಿನ ಕ್ವಾರ್ಟರ್ ಬಂತು. ಜತೆಗೆ ಸ್ಟ್ರಾಂಗ್ ಬೀರೂ ಬಂತು.

ಈ ಸ್ಟ್ರಾಂಗ್ ವಿಷಯ ನನಗೆ ಅರ್ಥವಾದದ್ದು ಮಾವನಿಂದ. ಒಂದು ದೀಪಾವಳಿಗೆ ಬೆಂಗಳೂರಿನಿಂದ ಎರಡು ಬಾಟಲಿ ಬೆಲ್ಜಿಯಂ ಶೈಲಿಯ ಗೋಧಿ ಬೀರು ತಗೊಂಡು ಚನ್ನಗಿರಿಗೆ ಹೋಗಿದ್ದೆ. ಈ ಬೀರಿಗೆ ಒಂದು ಚಂದದ ಇತಿಹಾಸ ಇದೆ. ಬೆಲ್ಜಿಯಂನ ಹೂಗಾರ್ಡನ್ ಎಂಬ ಊರಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿ ಮಾಡುತ್ತಿದ್ದ ಬೀರಿನ ಕೊನೆಯ ಬ್ರೂವರಿ 1950ರ ದಶಕದಲ್ಲಿ ಮುಚ್ಚಿಹೋಗಿತ್ತು. ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಎಂಬಾತ 1960ರ ದಶಕದಲ್ಲಿ ಅದನ್ನು ಮತ್ತೆ ಮಾಡತೊಡಗಿದ. ಈಗ ಜಗತ್ತಿನ ಎಲ್ಲ ಕಡೆ ಅದರ ನಕಲು ಸಿಗುತ್ತದೆ. ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಾ ತೋಟದ ಮನೆಯಲ್ಲಿ ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ.

"ಏನಲೇ ಇದು, ಮಜ್ಜಿಗೆ ಹಂಗೆ ಮಬ್ಬೈತೆ? ಕೆಟ್ಟೈತೇನೋ ನೋಡು."

"ಇಲ್ಲ ಮಾವ, ಅದು ಇರೋದೇ ಹಂಗೆ. ಗೋಧಿ. ಕೊತ್ತಂಬರಿ ಬೀಜಾನೂ ಹಾಕಿರ್ತಾರೆ."

"ಕೊತ್ತಂಬರಿನಾ? ಸಾರು ಮಾಡ್ಯಾರಾ ಬೀರು ಮಾಡ್ಯಾರಾ?" ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. "ಹ್ಞೂಂ, ಪರವಾಗಿಲ್ಲ. ವಾಸನೆ ಚೆಂದ ಐತೆ. ಎಷ್ಟು ಪರ್ಸೆಂಟು?"

"ಐದರ ಒಳಗೆ."

"ರೇಟು?"

ಹೇಳಿದೆ. ಮಾವ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ಇದಕ್ಕಿಂತ ಕಮ್ಮಿ ದುಡ್ಡಿಗೆ ಎಂಟು ಪರ್ಸೆಂಟಿಂದು ಬರುತ್ತಲ್ಲೋ. ಇಂಜಿನಿಯರಿಂಗ್ ಓದೀಯ, ಇಷ್ಟು ಲೆಕ್ಕ ಬರಲ್ವಾ?"

ಮಾವನದು ನೂರಕ್ಕೆ ನೂರು ಸರಿಯಾದ ಲೆಕ್ಕ. ನಮ್ಮಲ್ಲಿ ಬಹುಕಾಲ ಬೀರಿನ ಸುಂಕ ಮುಖ್ಯವಾಗಿ ಒಳಗೆ ಆಲ್ಕೋಹಾಲ್ ಎಷ್ಟಿದೆ ಅನ್ನುವುದರ ಮೇಲೆ ಇರಲಿಲ್ಲ. ಅಂದಮೇಲೆ ಕೊಟ್ಟ ದುಡ್ಡಿಗೆ ಹೆಚ್ಚು ಅಮಲು ಸಿಗುವುದು ಸ್ಟ್ರಾಂಗಿನಲ್ಲಿ. ದೇಶದಲ್ಲಿ ಮಾರಾಟವಾಗುವ ಬೀರಿನಲ್ಲಿ ದೊಡ್ಡ ಪಾಲು ಸ್ಟ್ರಾಂಗ್ ಬೀರೇ ಆಗಿರುವುದಕ್ಕೆ ಜನರ ನಾಲಿಗೆಯನ್ನು ಬೈದು ಪ್ರಯೋಜನ ಇಲ್ಲ. ಊರ ಬಾರಿನ ಪರದೆ ಹಿಂದೆ, ಮಬ್ಬು ಬೆಳಕಲ್ಲಿ, ಯಾರಾದರೂ ನೋಡುವುದರೊಳಗೆ ಕುಡಿದು ಏಳಬೇಕಾದವನಿಗೆ ಕಿತ್ತಳೆ ಸಿಪ್ಪೆಯ ಪರಿಮಳ ಯಾಕೆ ಬೇಕು? ಬೆಂಗಳೂರಿನಲ್ಲಿ ನಾವು ಅರ್ಧ ಗಂಟೆ ಮೂಗಿನ ಹತ್ತಿರ ಇಟ್ಟುಕೊಂಡು ಚರ್ಚೆ ಮಾಡುತ್ತೇವಲ್ಲ, ಆ ಪುರುಸೊತ್ತಿಗೂ ಸೇರಿಸಿಯೇ ಬಿಲ್ ಕೊಟ್ಟಿರುತ್ತೇವೆ.

ಬೆಂಗಳೂರಿನ ಈ ಮೈಕ್ರೋಬ್ರೂವರಿಗಳು ಬಾಗಿಲು ತೆರೆದದ್ದು 2010-11ರ ಹೊತ್ತಿಗೆ. ಇಂದಿರಾನಗರದ ಟಾಯ್ಟ್, ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್ ಮೊದಲಿನವು. ಆಗ ರಾಜ್ಯದ ಅಬಕಾರಿ ಸಚಿವರಾಗಿದ್ದವರು ಯಾರು ಗೊತ್ತಾ? ನಮ್ಮ ಹೊನ್ನಾಳಿಯ ಶಾಸಕ ಎಂ.ಪಿ.ರೇಣುಕಾಚಾರ್ಯ! ತುಂಗಭದ್ರೆಯ ದಂಡೆಯ ಊರಿನವರು ಖಾತೆ ನೋಡಿಕೊಳ್ಳುತ್ತಿದ್ದಾಗ ಇಂದಿರಾನಗರದಲ್ಲಿ ಬೀರು ಹುಳಿ ಬರುತ್ತಿತ್ತು. ಬೆಂಗಳೂರಿನ ಬೀರುಪ್ರಿಯ ಗೆಳೆಯರಿಗೆ ಇದನ್ನು ಹೇಳಿದರೆ ಹೊನ್ನಾಳಿ ಎಲ್ಲಿದೆ ಅಂತ ಕೇಳುತ್ತಾರೆ. ಇನ್ನು ಹೊನ್ನಾಳಿಯಲ್ಲಿ ಹೇಳಿದರೆ ಮೈಕ್ರೋಬ್ರೂವರಿ ಅಂದ್ರೇನು ಅಂತ ಕೇಳುತ್ತಾರೆ. ನಾನು ನಡುವೆ ನಿಂತು ಎರಡೂ ಕಡೆಗೆ ಅನುವಾದ ಮಾಡುತ್ತೇನೆ :-)

ರಾಗಿ ಬೀರಿನ ಮಾತಿಗೆ ವಾಪಸ್ ಬಂದರೆ, ಅದರಲ್ಲೂ ರಾಗಿ ಒಂದು ಪಾಲು ಮಾತ್ರ, ಬುನಾದಿ ಬಾರ್ಲಿಯೇ. ನಮ್ಮ ದೇಶದ ಬಾರ್ಲಿ ಹೆಚ್ಚಾಗಿ ಬೆಳೆಯುವುದು ರಾಜಸ್ಥಾನ, ಹರಿಯಾಣ, ಉತ್ತರಪ್ರದೇಶದ ಕಡೆ. ಹಾಪ್ಸ್ ಬಹುಪಾಲು ಹೊರದೇಶದ್ದು. ನಾನು ಕುಡಿದ ರಾಗಿ ಬೀರು ಕಂದು ಬಣ್ಣದ್ದು, ಹುರಿದ ಹಿಟ್ಟಿನ ಪರಿಮಳ, ಕೊನೆಯಲ್ಲಿ ನಾಲಿಗೆಗೆ ಸ್ವಲ್ಪ ಒಗರು. ಚೆನ್ನಾಗಿಯೇ ಇತ್ತು. ಹಳೆಯ ಸಂಪ್ರದಾಯ ಅಂತ ಮಾತ್ರ ಅದನ್ನು ಕರೆಯುವುದು ಬೇಡ. ಅದು ಹೊಸದು. ಹೊಸದು ಅಂತಲೇ ಮೆನುವಿನಲ್ಲಿ ಬರೆದರೆ ಅದಕ್ಕೆ ಹೆಚ್ಚು ಮರ್ಯಾದೆ.

ಇನ್ನೊಂದು ವಿಷಯ ಬರೆಯದೆ ಇದನ್ನು ಮುಗಿಸಲಾಗದು. 2019ರ ಜನವರಿಯಲ್ಲಿ ರಾಜ್ಯದ ಬೇರೆ ಬೇರೆ ಕಡೆಯ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಸುಮಾರು 200 ಕಿಲೋಮೀಟರ್. ತುರುವನೂರಿನಲ್ಲಿ ಮರ ಕಡಿದು ಹತ್ತಿರ ಹತ್ತಿರ ಎಂಬತ್ತು ವರ್ಷ ಆಗಿತ್ತು. ಅದೇ ಜಿಲ್ಲೆಯಿಂದ ಮತ್ತೆ ಅದೇ ಬೇಡಿಕೆ ಹೊರಟಿತ್ತು, ಈ ಸಲ ಹೆಂಗಸರ ಕಾಲಲ್ಲಿ. ಪೂರ್ತಿ ನಿಷೇಧ ಮಾಡಿದರೆ ಕಳ್ಳಭಟ್ಟಿ ಹೆಚ್ಚುತ್ತದೆ ಅಂತ ನಾನು ಆಫೀಸಿನಲ್ಲಿ ಸುಲಭವಾಗಿ ವಾದ ಮಾಡಬಲ್ಲೆ. ಆ ವಾದದಲ್ಲಿ ಹುರುಳೂ ಇದೆ. ಆದರೆ ಅಷ್ಟು ದೂರ ನಡೆದವರಿಗೆ ಅದು ಗೊತ್ತಿರಲಿಲ್ಲ ಅಂತ ಅಂದುಕೊಳ್ಳಲು ನನಗೆ ಸಾಧ್ಯವಿಲ್ಲ.

ಕಳೆದ ಸಲ ಜಗಳೂರಿಗೆ ಹೋದಾಗ ಅಜ್ಜಿಗೆ ಬೆಂಗಳೂರಿನ ರಾಗಿ ಬೀರಿನ ಬಗ್ಗೆಯೂ ಹೇಳಿದೆ. ಒಂದು ಲೋಟಕ್ಕೆ ಎಷ್ಟು ಅಂತ ಕೇಳಿದಳು. ಮುನ್ನೂರರ ಮೇಲೆ ಅಂದೆ. ರಾಗಿ ಕ್ವಿಂಟಾಲಿಗೆ ಎಷ್ಟಿದೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಿರಬೇಕು, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಅವ್ರು ರಾಗಿ ಎಲ್ಲಿಂದ ತರ್ತಾರೆ? ನಮ್ಮ ಕಡೆಯೋರಿಂದ ತಗಳ್ತಾರೇನು ಕೇಳಿ ನೋಡು."

ಮುಂದಿನ ಶನಿವಾರ ಹೋದಾಗ ಕೇಳಬೇಕು.